ಕಾಂಟ್ಯಾಕ್ಟರ್ ಬಿಟ್ಟಾಗ ಬೋರ್ಡ್ ರೀಸೆಟ್ ಆಗ್ತಿದೆ, ಲ್ಯಾಬಿಗೆ ಹೋಗೋ ಮುಂಚೆ ಏನು ಮಾಡಬೇಕು?

ಪ್ರಶ್ನೆ: ತುಮಕೂರಿನಲ್ಲಿ ಬೋರ್‌ವೆಲ್ ಪಂಪ್‌ಗಳಿಗೆ ಮೊಬೈಲ್ ಸ್ಟಾರ್ಟರ್ ಮಾಡುತ್ತೇನೆ. ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್ ಆಗುತ್ತದೆ, ಆಫ್ ಆದಾಗ ರೈತರಿಗೆ ಮೆಸೇಜ್ ಹೋಗುತ್ತದೆ. ಟೇಬಲ್ ಮೇಲೆ ಎಷ್ಟು ದಿನ ಓಡಿಸಿದರೂ ತೊಂದರೆ ಇಲ್ಲ. ಸ್ಟಾರ್ಟರ್ ಪ್ಯಾನಲ್ ಒಳಗೆ ಕೂರಿಸಿದ ಮೇಲೆ ಮಾತ್ರ ಮೋಟರ್ ಆಫ್ ಆಗುವ ಹೊತ್ತಿಗೆ ಬೋರ್ಡ್ ಕೆಲವು ಸಲ ರೀಸೆಟ್ ಆಗುತ್ತದೆ. ಸಿಕ್ಕ ಕಡೆಯೆಲ್ಲ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೇನೆ, ಪ್ರಯೋಜನ ಆಗಿಲ್ಲ. ಈಗ ಒಬ್ಬ ದೊಡ್ಡ ಗ್ರಾಹಕರು ಇಎಂಸಿ (ಸಾಧನ ವಿದ್ಯುತ್ ನಾಯ್ಸ್ ತಡೆದುಕೊಳ್ಳುತ್ತದಾ, ಬೇರೆಯವಕ್ಕೆ ತೊಂದರೆ ಕೊಡುತ್ತದಾ ಅನ್ನುವ) ಟೆಸ್ಟ್ ರಿಪೋರ್ಟ್ ಬೇಕು ಅಂದಿದ್ದಾರೆ. ಏನೇನು ಟೆಸ್ಟ್ ಇರುತ್ತದೆ? ನನ್ನ ಶೆಡ್‌ನಲ್ಲೇ ಏನಾದರೂ ಪರೀಕ್ಷೆ ಮಾಡಿ ನೋಡಬಹುದಾ?

ಉತ್ತರ: ಲ್ಯಾಬ್ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನನಗೊಂದು ಅನುಮಾನ. ಮೋಟರ್ ಆಫ್ ಆಗುವಾಗ ನಿಮ್ಮ ಪ್ಯಾನಲ್‌ನಲ್ಲಿ ಎರಡು ಕೆಲಸ ಹೆಚ್ಚುಕಡಿಮೆ ಒಟ್ಟಿಗೇ ನಡೆಯುತ್ತವೆ. ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಟ್ಟು ಕಡಿಯುವ ದೊಡ್ಡ ಸ್ವಿಚ್) ಬಿಡುತ್ತದೆ, ಅದರ ಬೆನ್ನಿಗೇ ನಿಮ್ಮ ಬೋರ್ಡ್ ಮೆಸೇಜ್ ಕಳಿಸಲು ಶುರು ಮಾಡುತ್ತದೆ, ಅಲ್ವಾ? ಎಲ್ಲರೂ ಕಾಂಟ್ಯಾಕ್ಟರ್ ಮೇಲೇ ಗೂಬೆ ಕೂರಿಸುತ್ತಾರೆ. ಆದರೆ 2ಜಿ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಸುಮಾರು 4.6 ಮಿಲಿಸೆಕೆಂಡಿಗೆ ಒಮ್ಮೆ ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು 2 ಆಂಪಿಯರ್‌ವರೆಗೂ ಕರೆಂಟ್ ಎಳೆಯುತ್ತದೆ. ಹಳೇ ಸ್ಪೀಕರ್ ಪಕ್ಕ ಫೋನ್ ಇಟ್ಟಾಗ ಕಾಲ್ ಬರುವ ಮುಂಚೆ ಗುರ್ ಗುರ್ ಅನ್ನುತ್ತಿತ್ತಲ್ಲ, ಅದು ಇದೇ, 217 ಹರ್ಟ್ಸ್. ಟೇಬಲ್ ಮೇಲೆ ಒಳ್ಳೆ ಪವರ್ ಸಪ್ಲೈ, ಕಿಟಕಿ ಹತ್ತಿರ ಒಳ್ಳೆ ಸಿಗ್ನಲ್, ಹಾಗಾಗಿ ಮಾಡ್ಯೂಲ್ ಕಡಿಮೆ ಪವರ್‌ನಲ್ಲೇ ಕೆಲಸ ಮುಗಿಸುತ್ತದೆ. ಹೊಲದಲ್ಲಿ ಟವರ್ ದೂರ, ಕಬ್ಬಿಣದ ಡಬ್ಬಿ, ಅಲ್ಲಿ ಅದು ಪೂರ್ತಿ ದಮ್ಮು ಹಾಕುತ್ತದೆ. ಸಪ್ಲೈ ಕುಸಿದರೆ ಮೈಕ್ರೋಕಂಟ್ರೋಲರ್ ರೀಸೆಟ್ ಆಗದೆ ಇನ್ನೇನಾಗುತ್ತದೆ?

ಇವೆರಡನ್ನು ಬೇರೆ ಮಾಡಿ ನೋಡುವುದು ಸುಲಭ. ಮೆಸೇಜ್ ಕಳಿಸುವುದನ್ನು ಸಾಫ್ಟ್‌ವೇರ್‌ನಲ್ಲಿ ಬಂದ್ ಮಾಡಿ ಬರೀ ಕಾಂಟ್ಯಾಕ್ಟರ್ ಆಡಿಸಿ. ಆಮೇಲೆ ಕಾಂಟ್ಯಾಕ್ಟರ್ ಕಾಯಿಲ್ ವೈರ್ ಬಿಚ್ಚಿಟ್ಟು ಬರೀ ಮೆಸೇಜ್ ಕಳಿಸಿ. ಇನ್ನೂ ಒಂದು ಸಾಕ್ಷಿ ನಿಮ್ಮ ಕೈಯಲ್ಲೇ ಇದೆ. ಈಗಿನ ಬಹುತೇಕ ಮೈಕ್ರೋಕಂಟ್ರೋಲರ್‌ಗಳಲ್ಲಿ ರೀಸೆಟ್ ಯಾಕಾಯಿತು ಅಂತ ಬರೆದಿಡುವ ಒಂದು ರಿಜಿಸ್ಟರ್ ಇರುತ್ತದೆ: ವೋಲ್ಟೇಜ್ ಬಿದ್ದು ಆಯಿತಾ, ವಾಚ್‌ಡಾಗ್‌ನಿಂದ (ಪ್ರೋಗ್ರಾಮ್ ಸಿಕ್ಕಿಕೊಂಡರೆ ರೀಸೆಟ್ ಮಾಡುವ ಕಾವಲು ಟೈಮರ್) ಆಯಿತಾ, ರೀಸೆಟ್ ಪಿನ್‌ನಿಂದ ಆಯಿತಾ ಅಂತ. ಬೋರ್ಡ್ ಎದ್ದ ತಕ್ಷಣ ಅದನ್ನು ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳಿ. ವೋಲ್ಟೇಜ್ ಬಿದ್ದದ್ದು ಅಂತ ತೋರಿಸಿದರೆ ಮಾಡ್ಯೂಲ್ ಪಕ್ಕದಲ್ಲೇ ದೊಡ್ಡ ಕೆಪಾಸಿಟರ್ ಹಾಕಿ, ಸಪ್ಲೈ ಟ್ರ್ಯಾಕ್ ದಪ್ಪ ಮಾಡಿ, ಅರ್ಧ ಕೆಲಸ ಮುಗಿಯಬಹುದು. ರೀಸೆಟ್ ಪಿನ್ ಅಥವಾ ವಾಚ್‌ಡಾಗ್ ಅಂತ ತೋರಿಸಿದರೆ ಹೊರಗಿನ ನಾಯ್ಸ್ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಮುಂದೆ ಓದಿ.

ಕಾಂಟ್ಯಾಕ್ಟರ್ ಬಿಡುವಾಗ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಕಾಯಿಲ್‌ನಲ್ಲಿ ಹರಿಯುತ್ತಿರುವ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ. ಆ ಕಾಯಿಲ್‌ಗೆ ಕರೆಂಟ್ ಕೊಡುವ, ನಿಮ್ಮ ಬೋರ್ಡ್ ಮೇಲಿನ ಪುಟ್ಟ ರಿಲೇ ಬಿಡಲು ಶುರು ಮಾಡಿದಾಗ ಅದರ ಕಾಂಟ್ಯಾಕ್ಟ್ ನಡುವೆ ಕೂದಲೆಳೆಯಷ್ಟು ಜಾಗ. ಕಾಯಿಲ್ ವೋಲ್ಟೇಜ್ ಏರುತ್ತದೆ, ಆ ಜಾಗವನ್ನು ಹಾರಿ ಕಿಡಿ ಹೊಡೆಯುತ್ತದೆ, ವೋಲ್ಟೇಜ್ ಇಳಿದು ಕಿಡಿ ಆರುತ್ತದೆ, ಮತ್ತೆ ಏರುತ್ತದೆ, ಈಗ ಜಾಗ ಇನ್ನೊಂಚೂರು ದೊಡ್ಡದಾಗಿರುವುದರಿಂದ ಕಿಡಿ ಹಾರಲು ಇನ್ನೂ ಜಾಸ್ತಿ ವೋಲ್ಟೇಜ್ ಬೇಕು, ಹೀಗೆ ಕಣ್ಣು ಮಿಟುಕಿಸುವುದರೊಳಗೆ ಹತ್ತಾರು, ನೂರಾರು ಸಲ. ಒಂದೊಂದು ಕಿಡಿಯೂ ಕೆಲವೇ ನ್ಯಾನೋಸೆಕೆಂಡಿನಲ್ಲಿ ಏರುವ ಒಂದು ಏಟು. ಗಮನಿಸಿ, ಈ ಕಿಡಿ ಹಾರುತ್ತಿರುವುದು ಎಲ್ಲೋ ದೂರದ ಮೋಟರ್‌ನಲ್ಲಿ ಮಾತ್ರ ಅಲ್ಲ, ನಿಮ್ಮ ಬೋರ್ಡಿನ ರಿಲೇಯಲ್ಲೇ, ಮೈಕ್ರೋಕಂಟ್ರೋಲರ್‌ನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ.

ಹಾಗಾಗಿ ಮೊದಲ ಔಷಧಿ ಕಾಯಿಲ್‌ಗೆ. ಕಾಯಿಲ್‌ನ ಎರಡು ತುದಿಗೆ, ಕಾಂಟ್ಯಾಕ್ಟರ್ ಮೇಲೇ, ಕಿಡಿ ತಗ್ಗಿಸುವ ಒಂದು ಆರ್‌ಸಿ ಸ್ನಬ್ಬರ್ ಹಾಕಿ: 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಲ್ಲಿ. ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕೇಳಿದರೆ 275 ವೋಲ್ಟಿನ ಎಕ್ಸ್2 (ಮೇನ್ಸ್ ಲೈನ್‌ಗಳ ನಡುವೆ ಹಾಕುವ ಸುರಕ್ಷತಾ ದರ್ಜೆಯ) ಕೆಪಾಸಿಟರ್ ಕೊಡುತ್ತಾರೆ. ತ್ರೀ ಫೇಸ್ ಪಂಪ್ ಪ್ಯಾನಲ್‌ಗಳಲ್ಲಿ ನ್ಯೂಟ್ರಲ್ ಇಲ್ಲದೆ ಎರಡು ಫೇಸ್ ನಡುವೆ ಕೂರುವ 415 ವೋಲ್ಟ್ ಕಾಯಿಲ್ ತುಂಬಾ ಸಾಮಾನ್ಯ, ಅದಕ್ಕೆ ಈ ಕೆಪಾಸಿಟರ್ ಹಾಕಿದರೆ ಇವತ್ತಲ್ಲ ನಾಳೆ ಸುಡುತ್ತದೆ. 440 ವೋಲ್ಟ್ ಎಸಿ ಅಥವಾ ಅದಕ್ಕಿಂತ ಜಾಸ್ತಿ ತಡೆಯುವುದು ಬೇಕು, ಇಲ್ಲವೇ ಕಾಂಟ್ಯಾಕ್ಟರ್ ಕಂಪನಿಯವರೇ ಮಾರುವ ಸಪ್ರೆಸರ್ ತೆಗೆದುಕೊಳ್ಳಿ, ನನ್ನ ಓಟು ಅದಕ್ಕೇ. ಡಯೋಡ್ ಹಾಕಲು ಹೋಗಬೇಡಿ, ಅದು ಡಿಸಿ ಕಾಯಿಲ್‌ಗೆ. ಇನ್ನು ಸ್ನಬ್ಬರ್ ಅನ್ನು ರಿಲೇ ಕಾಂಟ್ಯಾಕ್ಟ್ ಮೇಲೆ ಹಾಕಿದರೆ ರಿಲೇ ಬಿಟ್ಟ ಮೇಲೂ ಕೆಪಾಸಿಟರ್ ಮೂಲಕ ಒಂಚೂರು ಎಸಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಸಣ್ಣ ಕಾಂಟ್ಯಾಕ್ಟರ್ ಅಷ್ಟಕ್ಕೇ ಹಿಡಿದುಕೊಂಡು ಕೂತರೆ ಮೋಟರ್ ಆಫ್ ಆಗುವುದೇ ಇಲ್ಲ.

ನಿಮ್ಮ 0.1 ಮೈಕ್ರೋಫ್ಯಾರಡ್ ಯಾಕೆ ಕೆಲಸ ಮಾಡಲಿಲ್ಲ? ಕೆಪಾಸಿಟರ್ ತಪ್ಪಲ್ಲ, ಅದಕ್ಕೆ ಹೋಗುವ ವೈರ್ ತಪ್ಪು. ಸಾದಾ ವೈರ್‌ಗೆ ಒಂದು ಸೆಂಟಿಮೀಟರಿಗೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟನ್ಸ್ ಇರುತ್ತದೆ. 10 ಸೆಂಟಿಮೀಟರ್ ಹಸಿರು ಅರ್ತ್ ವೈರ್ ಅಂದರೆ 100 ನ್ಯಾನೋಹೆನ್ರಿ. ಅದರಲ್ಲಿ 10 ಆಂಪಿಯರ್ 5 ನ್ಯಾನೋಸೆಕೆಂಡಿನಲ್ಲಿ ಏರಿದರೆ ಆ ವೈರ್‌ನ ಎರಡು ತುದಿ ನಡುವೆ 200 ವೋಲ್ಟ್! ಮಲ್ಟಿಮೀಟರ್ ಹಿಡಿದರೆ ಸೊನ್ನೆ ಓಮ್ ತೋರಿಸುವ ಅದೇ ವೈರ್. ನೀವು ಗ್ರೌಂಡ್ ಅಂದುಕೊಂಡ ಜಾಗ ಆ ಕ್ಷಣಕ್ಕೆ ಗ್ರೌಂಡೇ ಅಲ್ಲ.

ಈ ಕೆಲಸದಲ್ಲಿ ನನ್ನ ಅಭಿಪ್ರಾಯ ಒಂದೇ: ನಾಯ್ಸ್ ಅನ್ನು ತಡೆದು ನಿಲ್ಲಿಸಲು ಹೋಗಬೇಡಿ, ಅದಕ್ಕೆ ದಾರಿ ಮಾಡಿಕೊಡಿ. ಹೊಲಕ್ಕೆ ನುಗ್ಗುವ ಮಳೆ ನೀರಿಗೆ ಬದುವಿನ ಪಕ್ಕ ಕಾಲುವೆ ತೋಡುತ್ತೀರಲ್ಲ, ಹಾಗೆ. ಏಟು ಯಾವ ಕೇಬಲ್‌ನಿಂದ ಒಳಗೆ ಬರುತ್ತದೆ, ಬಂದದ್ದು ಎಲ್ಲಿಂದ ಹೊರಗೆ ಹೋಗುತ್ತದೆ, ನಡುವೆ ನಿಮ್ಮ ಮೈಕ್ರೋಕಂಟ್ರೋಲರ್ ಸಿಗುತ್ತದಾ? ಇಷ್ಟೇ ಪ್ರಶ್ನೆ. ಎಲ್ಲ ಕೇಬಲ್‌ಗಳನ್ನೂ ಬೋರ್ಡಿನ ಒಂದೇ ಬದಿಗೆ ತನ್ನಿ. ಕನೆಕ್ಟರ್ ಪಕ್ಕದಲ್ಲೇ ಫಿಲ್ಟರ್ ಕೆಪಾಸಿಟರ್ ಇಟ್ಟು, ಗಿಡ್ಡ ಅಗಲವಾದ ತಾಮ್ರದಿಂದ ಲೋಹದ ಪ್ಲೇಟಿಗೆ ಜೋಡಿಸಿ. ಮೇನ್ಸ್ ಕಡೆ ಅದು ಎಕ್ಸ್, ವೈ ದರ್ಜೆಯದ್ದೇ ಆಗಿರಬೇಕು, ಸಾದಾ ಕೆಪಾಸಿಟರ್ ಬೇಡ. ಆಗ ಒಂದು ಕೇಬಲ್‌ನಿಂದ ಬಂದದ್ದು ಅಲ್ಲೇ ತಿರುಗಿ ಹೋಗುತ್ತದೆ. ಬಲಗಡೆ ಮೇನ್ಸ್, ಎಡಗಡೆ ಸೆನ್ಸರ್ ಇಟ್ಟರೆ ಇಡೀ ಬೋರ್ಡೇ ದಾರಿಯಾಗುತ್ತದೆ.

ಈಗ ಲ್ಯಾಬ್. ಗ್ರಾಹಕರು ಬರೀ ಇಎಂಸಿ ರಿಪೋರ್ಟ್ ಅಂದರೆ ಸಾಲದು, ಯಾವ ಸ್ಟ್ಯಾಂಡರ್ಡ್, ಯಾವ ಲೆವೆಲ್ ಅಂತ ಬರಹದಲ್ಲಿ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ (ಹೀಗಾಗುವುದೇ ಜಾಸ್ತಿ) ಕೈಗಾರಿಕಾ ಜಾಗಗಳಿಗೆ ಇರುವ ಸಾಮಾನ್ಯ ಸ್ಟ್ಯಾಂಡರ್ಡ್ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ) 61000-6-2 ಅನ್ನು ನೀವೇ ಸೂಚಿಸಿ. ಮನೆ, ಅಂಗಡಿಗಳಿಗೆ ಇರುವ 61000-6-1 ಇದಕ್ಕಿಂತ ಹಗುರ, ಆದರೆ ಪಂಪ್ ಪ್ಯಾನಲ್‌ಗೆ ಅದನ್ನು ಹಿಡಿದುಕೊಂಡು ಹೋಗುವುದು ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಟೆಸ್ಟ್ ಮಾಡುವ ವಿಧಾನಗಳೆಲ್ಲ 61000-4 ಸರಣಿಯಲ್ಲಿವೆ.

ನಿಮ್ಮ ತೊಂದರೆಗೆ ನೇರ ಸಂಬಂಧ ಇರುವುದು 61000-4-4, ಬರ್ಸ್ಟ್ ಟೆಸ್ಟ್ ಅನ್ನುತ್ತಾರೆ. ಮೇಲೆ ಹೇಳಿದ ಕಿಡಿಗಳ ಸುರಿಮಳೆಯನ್ನೇ ಒಂದು ಯಂತ್ರ ಲೆಕ್ಕಕ್ಕೆ ಸರಿಯಾಗಿ ಸುರಿಸುತ್ತದೆ. ಒಂದೊಂದು ಏಟೂ 5 ನ್ಯಾನೋಸೆಕೆಂಡಿನಲ್ಲಿ ಏರಿ 50 ನ್ಯಾನೋಸೆಕೆಂಡಿನಷ್ಟು ಇರುತ್ತದೆ. 5 ಕಿಲೋಹರ್ಟ್ಸ್ ವೇಗದಲ್ಲಿ 15 ಮಿಲಿಸೆಕೆಂಡ್ ಸುರಿದು ನಿಲ್ಲುತ್ತದೆ, 300 ಮಿಲಿಸೆಕೆಂಡಿಗೆ ಒಮ್ಮೆ ಇದೇ ಪುನರಾವರ್ತನೆ. 100 ಕಿಲೋಹರ್ಟ್ಸ್ ವೇಗವೂ ಇದೆ, ಅಸಲಿ ಕಾಂಟ್ಯಾಕ್ಟರ್‌ಗೆ ಅದೇ ಹತ್ತಿರ. ಮೇನ್ಸ್ ಕೇಬಲ್‌ಗೆ 2 ಕಿಲೋವೋಲ್ಟ್, ಸೆನ್ಸರ್ ಕೇಬಲ್‌ಗೆ 1 ಕಿಲೋವೋಲ್ಟ್. ಸೆನ್ಸರ್ ಕೇಬಲ್‌ಗೆ ವೈರ್ ಕಟ್ ಮಾಡಿ ಹಚ್ಚುವುದಿಲ್ಲ, ಒಂದು ಮೀಟರ್ ಉದ್ದದ ಲೋಹದ ಕ್ಲ್ಯಾಂಪ್ ಒಳಗೆ ಕೇಬಲ್ ಮಲಗಿಸಿ ಮುಚ್ಚುತ್ತಾರೆ. ನಿಮ್ಮ ಡಬ್ಬಿ ಕೆಳಗೆ ಲೋಹದ ಹಾಳೆ, ನಡುವೆ 10 ಸೆಂಟಿಮೀಟರ್ ಎತ್ತರದ ಇನ್ಸುಲೇಟರ್. ಯಂತ್ರ ಚಾಲೂ ಮಾಡಿದರೆ ಟರ್ ಟರ್ ಸದ್ದು. ನೀವು ಎಲ್‌ಇಡಿ ನೋಡುತ್ತಾ ನಿಲ್ಲಬೇಕು.

ಇಲ್ಲಿ ಒಂದು ಕಿವಿಮಾತು. ನೇರ 2 ಕಿಲೋವೋಲ್ಟ್ ಹೊಡೆಸಿ ಪಾಸಾ ಫೇಲಾ ಕೇಳಿ ಬರಬೇಡಿ. 500 ವೋಲ್ಟ್, 1 ಕಿಲೋವೋಲ್ಟ್, 2 ಕಿಲೋವೋಲ್ಟ್ ಅಂತ ಏರಿಸುತ್ತಾ ಹೋಗಿ. ಫೇಸ್‌ಗೆ ಮಾತ್ರ, ನ್ಯೂಟ್ರಲ್‌ಗೆ ಮಾತ್ರ, ಅರ್ತ್‌ಗೆ ಮಾತ್ರ ಅಂತ ಬೇರೆ ಬೇರೆ ಹೊಡೆಸಿ, ಎಲ್ಲಿ ಎಷ್ಟಕ್ಕೆ ಬಿತ್ತು ಬರೆದುಕೊಳ್ಳಿ. ಅರ್ತ್‌ಗೆ ಹೊಡೆದಾಗಲೇ ಬೇಗ ಬಿದ್ದರೆ ತೊಂದರೆ ಅರ್ತ್ ವೈರಿಂಗ್‌ನಲ್ಲಿದೆ ಅಂತ ಅಲ್ಲೇ ಗೊತ್ತಾಯಿತು. ಫೇಲ್ ಆದ ಟೆಸ್ಟ್ ಹೇಳುವಷ್ಟು ಪಾಸ್ ಆದದ್ದು ಹೇಳುವುದಿಲ್ಲ.

ಸಾಫ್ಟ್‌ವೇರ್‌ನಿಂದಲೂ ಇಲ್ಲಿ ತುಂಬಾ ಸಿಗುತ್ತದೆ, ಖರ್ಚಿಲ್ಲದೆ. ಸ್ವಿಚ್ ಒತ್ತಿದ್ದು ನಿಜವಾ ಅಂತ ನೋಡಲು ಎಲ್ಲರೂ ಒಂದು ಮಿಲಿಸೆಕೆಂಡಿಗೆ ಒಮ್ಮೆ ಮೂರು ಸಲ ಓದುತ್ತಾರೆ. ಬರ್ಸ್ಟ್ ಇರುವುದೇ 15 ಮಿಲಿಸೆಕೆಂಡ್, ಮೂರೂ ಓದು ಅದರೊಳಗೇ ಬಿದ್ದು ಮೂರೂ ಸುಳ್ಳೇ ಆಗಬಹುದು. ನಿಮ್ಮದು ಪಂಪ್, ಅದಕ್ಕೇನು ಅರ್ಜೆಂಟ್? 50-100 ಮಿಲಿಸೆಕೆಂಡ್ ಉದ್ದಕ್ಕೂ ಹರಡಿ ಓದಿ. ರೀಸೆಟ್ ಪಿನ್‌ಗೆ ಚಿಪ್ ಒಳಗಿನ ಪುಲ್‌ಅಪ್ (ಪಿನ್ ಅನ್ನು ಸಪ್ಲೈ ವೋಲ್ಟೇಜಿಗೆ ಹಿಡಿದಿಡುವ ರೆಸಿಸ್ಟರ್) ನಂಬಿಕೊಳ್ಳದೆ ಹೊರಗೆ 10 ಕಿಲೋಓಮ್, ಪಿನ್ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಹಾಕಿ. ಪ್ರೋಗ್ರಾಮ್ ಹಾಕುವ ಕನೆಕ್ಟರ್‌ಗೆ ಹೋಗುವ ಉದ್ದನೆಯ ರೀಸೆಟ್ ಟ್ರ್ಯಾಕ್ ಇದ್ದರೆ ಅದೇ ನಿಮ್ಮ ಆಂಟೆನಾ.

ಇದಕ್ಕಿಂತ ಮುಖ್ಯವಾದದ್ದು, ಫೇಲ್ ಅಂದರೆ ಏನು ಅಂತ ಲ್ಯಾಬಿನವರು ಹೇಳುವುದಿಲ್ಲ, ನೀವೇ ಬರೆದುಕೊಡಬೇಕು. ಸ್ಟ್ಯಾಂಡರ್ಡ್‌ನಲ್ಲಿ ಎ, ಬಿ, ಸಿ ಅಂತ ಮೂರು ದರ್ಜೆ ಇದೆ. ಎ ಅಂದರೆ ಟೆಸ್ಟ್ ನಡೆಯುವಾಗಲೂ ಏನೂ ಆಗದೆ ಕೆಲಸ ಮಾಡಬೇಕು. ಬಿ ಅಂದರೆ ಟೆಸ್ಟ್ ವೇಳೆ ಸ್ವಲ್ಪ ಎಡವಿದರೂ ತಾನಾಗಿ ಸರಿಹೋಗಬೇಕು. ಸಿ ಅಂದರೆ ಯಾರಾದರೂ ಬಂದು ಆಫ್ ಆನ್ ಮಾಡಿದರೆ ಸರಿಹೋಗಬೇಕು. ಬರ್ಸ್ಟ್, ಸ್ಟ್ಯಾಟಿಕ್, ಸರ್ಜ್‌ಗಳಿಗೆ ಬಿ ಸಾಕು, ರೇಡಿಯೋ ಟೆಸ್ಟ್‌ಗಳಿಗೆ ಎ ಬೇಕು. ಈಗ ಯೋಚನೆ ಮಾಡಿ. ನಿಮ್ಮ ಬೋರ್ಡ್ ರೀಸೆಟ್ ಆಗಿ ಎರಡು ಸೆಕೆಂಡಿನಲ್ಲಿ ಎದ್ದರೆ ಸುಮ್ನೆ ಓದಿದವರಿಗೆ ಬಿ ಅನ್ನಿಸುತ್ತದೆ. ಆದರೆ ಆ ಎರಡು ಸೆಕೆಂಡಿನಲ್ಲಿ ಮೋಟರ್ ನಿಂತುಹೋಗಿ, ಬೋರ್ಡ್ ಎದ್ದ ಮೇಲೂ ಶುರು ಆಗದೆ, ರಾತ್ರಿ ತ್ರೀ ಫೇಸ್ ಕೊಟ್ಟಷ್ಟು ಹೊತ್ತೂ ನೀರು ಹಾಯದಿದ್ದರೆ ರೈತರಿಗೆ ಅದು ಬಿ ಅಲ್ಲ. ಅದಕ್ಕಿಂತ ಕೆಟ್ಟದ್ದು ಇದರ ಉಲ್ಟಾ: ನಿಂತಿದ್ದ ಮೋಟರ್ ತಾನಾಗಿ ಶುರುವಾಗುವುದು. ಯಾರೋ ಪೈಪ್ ಬಿಚ್ಚಿ ಕೂತಿರಬಹುದು, ಕೇಬಲ್ ಜಾಯಿಂಟ್ ಕೈಯಲ್ಲಿ ಹಿಡಿದಿರಬಹುದು. ಯಾವ ಟೆಸ್ಟ್‌ನಲ್ಲೂ, ಯಾವ ದರ್ಜೆಯಲ್ಲೂ ಮೋಟರ್ ತಾನಾಗಿ ಆನ್ ಆಗಬಾರದು ಅನ್ನುವುದನ್ನು ನಿಮ್ಮ ಟೆಸ್ಟ್ ಪ್ಲಾನ್‌ನ ಮೊದಲ ಸಾಲಾಗಿ ಬರೆಯಿರಿ. ಗ್ರಾಹಕರು ಕೇಳದಿದ್ದರೂ ಬರೆಯಿರಿ.

ಸರ್ಜ್ ಟೆಸ್ಟ್, 61000-4-5, ಸಿಡಿಲು ಮತ್ತು ಲೈನ್ ಸ್ವಿಚಿಂಗ್‌ನ ನಕಲು. ಬರ್ಸ್ಟ್‌ಗೆ ಹೋಲಿಸಿದರೆ ನಿಧಾನ, ಆದರೆ ತಾಕತ್ತು ಸಿಕ್ಕಾಪಟ್ಟೆ. ವೋಲ್ಟೇಜ್ 1.2 ಮೈಕ್ರೋಸೆಕೆಂಡಿನಲ್ಲಿ ಏರಿ 50 ಮೈಕ್ರೋಸೆಕೆಂಡಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಲೈನ್‌ಗಳ ನಡುವೆ 1 ಕಿಲೋವೋಲ್ಟ್, ಯಂತ್ರದ ಒಳ ತಡೆ 2 ಓಮ್, ಅಂದರೆ 500 ಆಂಪಿಯರ್‌ವರೆಗೂ ನುಗ್ಗಬಹುದು. ಲೈನ್‌ನಿಂದ ಅರ್ತ್‌ಗೆ 2 ಕಿಲೋವೋಲ್ಟ್, 12 ಓಮ್. ಇದಕ್ಕೆ ಮೇನ್ಸ್ ಬಾಯಲ್ಲೇ ಎಂಒವಿ (ವೋಲ್ಟೇಜ್ ಮಿತಿ ದಾಟಿದಾಗ ಕರೆಂಟನ್ನು ತನ್ನ ಮೂಲಕ ಹರಿಸಿಬಿಡುವ ಭಾಗ), ಅದರ ಮುಂದೆ ಫ್ಯೂಸ್. ಎಂಒವಿ ಹಾಕಿದ್ದೀನಲ್ಲ, ಬರ್ಸ್ಟ್‌ಗೂ ಅದೇ ಸಾಕು ಅಂದುಕೊಳ್ಳಬೇಡಿ, ಎರಡೂ ಬೇರೆ ರೋಗ. ಬೋರ್‌ವೆಲ್ ಒಳಗೆ ಇಳಿಬಿಡುವ ನೀರಿನ ಮಟ್ಟದ ಸೆನ್ಸರ್ ಇದ್ದರೆ ಅದರ ಕೇಬಲ್ 30 ಮೀಟರ್ ಖಂಡಿತ ದಾಟುತ್ತದೆ, ಆಗ ಆ ಕೇಬಲ್‌ಗೂ ಸರ್ಜ್ ಟೆಸ್ಟ್ ಬರುತ್ತದೆ. ಅದನ್ನು ಡಬ್ಬಿಯಲ್ಲಿ ಸುತ್ತಿಟ್ಟು ಲ್ಯಾಬಿನವರ ಕಣ್ಣು ತಪ್ಪಿಸಬಹುದು, ಸಿಡಿಲಿನ ಕಣ್ಣು ತಪ್ಪಿಸಲು ಆಗುವುದಿಲ್ಲ. ಸರ್ಜ್ ಅನ್ನು ಕೊನೆಗೆ ಇಟ್ಟುಕೊಳ್ಳಿ, ಬೋರ್ಡ್ ಸುಟ್ಟರೂ ಮಿಕ್ಕ ಟೆಸ್ಟ್ ಮುಗಿದಿರುತ್ತದೆ.

ಸ್ಟ್ಯಾಟಿಕ್ ಡಿಸ್ಚಾರ್ಜ್, 61000-4-2: ಗನ್ ತರಹದ ಒಂದು ಸಾಧನ, ಮುಟ್ಟಿಸಿ 4 ಕಿಲೋವೋಲ್ಟ್, ಗಾಳಿಯಲ್ಲಿ 8 ಕಿಲೋವೋಲ್ಟ್. ಏರುವುದು ಒಂದು ನ್ಯಾನೋಸೆಕೆಂಡಿಗಿಂತ ಬೇಗ. ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಬಟನ್ ಇದ್ದರೆ ಸಾಮಾನ್ಯವಾಗಿ ಎಲ್‌ಇಡಿ ತೂತು, ಸಿಮ್ ಹಾಕುವ ಸಂದಿ, ಆಂಟೆನಾ ಕನೆಕ್ಟರ್ ಇವೇ ದುರ್ಬಲ ಜಾಗ. ಎಲ್‌ಇಡಿಯನ್ನು ತೂತಿನಿಂದ ಸ್ವಲ್ಪ ಹಿಂದೆ ಸರಿಸಿ ಪಾರದರ್ಶಕ ಪೈಪ್ ಇಟ್ಟರೆ ಸಾಕು.

ರೇಡಿಯೋ ಅಲೆಗಳ ಟೆಸ್ಟ್, 61000-4-3, ಮಾತ್ರ ಶೆಡ್‌ನಲ್ಲಿ ಮಾಡುವಂಥದ್ದಲ್ಲ. ಲೋಹದ ಕೋಣೆಯೊಳಗೆ 80 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್‌ವರೆಗೆ ಮೀಟರಿಗೆ 10 ವೋಲ್ಟ್, 1 ಗಿಗಾಹರ್ಟ್ಸ್‌ಗಿಂತ ಮೇಲೆ ಕಡಿಮೆ ಲೆವೆಲ್. ಹೊರಗೆ ಇಷ್ಟು ಪವರ್ ಬಿಟ್ಟರೆ ಅದು ಕಾನೂನು ಮುರಿದ ಹಾಗೆ. ಇಲ್ಲಿ ದುಡ್ಡು ಉಳಿಸುವ ಒಂದು ಸಂಗತಿ ಇದೆ. ಫ್ರೀಕ್ವೆನ್ಸಿ ಶೇಕಡಾ 1ರಷ್ಟು ಏರಿಸುತ್ತಾ ಹೋದರೆ 80ರಿಂದ 1000 ಮೆಗಾಹರ್ಟ್ಸ್‌ಗೆ ಸುಮಾರು 250 ಮೆಟ್ಟಿಲು. ಡಬ್ಬಿಯ ನಾಲ್ಕು ಮುಖ, ಆಂಟೆನಾ ಅಡ್ಡ ಒಮ್ಮೆ ಉದ್ದ ಒಮ್ಮೆ, ಒಟ್ಟು 2000 ನಿಲುಗಡೆ. ಒಂದೊಂದು ನಿಲುಗಡೆಯಲ್ಲೂ ನಿಮ್ಮ ಸಾಧನ ಒಂದು ಸುತ್ತು ಕೆಲಸ ಮಾಡಿ ತೋರಿಸುವಷ್ಟು ಹೊತ್ತು ನಿಲ್ಲಬೇಕು. ನಿಮ್ಮ ಬೋರ್ಡ್ 10 ಸೆಕೆಂಡಿಗೊಮ್ಮೆ ಫೇಸ್ ವೋಲ್ಟೇಜ್ ನೋಡುವುದಾದರೆ ಐದೂವರೆ ಗಂಟೆ ಹೋಯಿತು, ಲ್ಯಾಬ್ ಗಂಟೆ ಲೆಕ್ಕದಲ್ಲಿ ಬಿಲ್ ಹಾಕುತ್ತದೆ. ಅದೇ ಹಾರ್ಡ್‌ವೇರ್‌ಗೆ ಒಂದು ಸೆಕೆಂಡಿನಲ್ಲಿ ಸುತ್ತು ಮುಗಿಸುವ ಟೆಸ್ಟ್ ಸಾಫ್ಟ್‌ವೇರ್ ಬರೆದುಕೊಂಡು ಹೋಗಿ, ಅರ್ಧ ಗಂಟೆ ಚಿಲ್ಲರೆಗೆ ಇಳಿಯುತ್ತದೆ. ಅದನ್ನು ರಿಪೋರ್ಟ್‌ನಲ್ಲಿ ನಮೂದಿಸಲು ಹೇಳಿ. 150 ಕಿಲೋಹರ್ಟ್ಸ್‌ನಿಂದ 80 ಮೆಗಾಹರ್ಟ್ಸ್‌ವರೆಗಿನ ಪಾಲು ಕೇಬಲ್ ಮೂಲಕ ಹೋಗುತ್ತದೆ, ಅದು 61000-4-6. ಬರ್ಸ್ಟ್‌ಗೆ ದಾರಿ ಸರಿಮಾಡಿದ್ದರೆ ಇದೂ ಬಹುಪಾಲು ದಾಟುತ್ತದೆ. ವೋಲ್ಟೇಜ್ ಕುಸಿತದ ಟೆಸ್ಟ್ 61000-4-11, ನಮ್ಮ ಹಳ್ಳಿ ಲೈನ್ ನೋಡಿದ ಸಾಧನಕ್ಕೆ ಅದೇನು ದೊಡ್ಡದಲ್ಲ.

ಅಂದಹಾಗೆ, ಮೀಟರಿಗೆ 10 ವೋಲ್ಟ್ ಅಂತ ಹೆದರಬೇಡಿ. 2 ವಾಟ್‌ನ 2ಜಿ ಮಾಡ್ಯೂಲ್ ಒಂದು ಮೀಟರ್ ದೂರದಲ್ಲೇ 8ರ ಹತ್ತಿರ ಕೊಡುತ್ತದೆ. ನಿಮ್ಮ ಆಂಟೆನಾ ಬೋರ್ಡಿನಿಂದ 10 ಸೆಂಟಿಮೀಟರ್ ದೂರ ಇದ್ದರೆ ಅಲ್ಲಿ ಮೀಟರಿಗೆ ಹತ್ತಾರು ವೋಲ್ಟ್. ದಿನಾ ನಿಮ್ಮ ಬೋರ್ಡ್ ಲ್ಯಾಬಿಗಿಂತ ಜಾಸ್ತಿ ತಿನ್ನುತ್ತಿದೆ, ಅದೂ ಒಂದೇ ಬ್ಯಾಂಡ್‌ನಲ್ಲಿ. ಆಂಟೆನಾವನ್ನು ಕೇಬಲ್ ಹಾಕಿ ಪ್ಯಾನಲ್ ಹೊರಗೆ ತನ್ನಿ, ಸಿಗ್ನಲ್ಲೂ ಸಿಗುತ್ತದೆ.

ಶೆಡ್‌ನಲ್ಲಿ ಏನು ಮಾಡಬಹುದು ಅಂದಿರಿ. ಒಂದು 24 ವೋಲ್ಟ್ ರಿಲೇ ತೆಗೆದುಕೊಳ್ಳಿ, ಅದರ ಕಾಯಿಲ್ ಅನ್ನು ಅದರದ್ದೇ ಎನ್‌ಸಿ (ರಿಲೇ ಎಳೆಯದಿದ್ದಾಗ ಮುಚ್ಚಿರುವ) ಕಾಂಟ್ಯಾಕ್ಟ್ ಮೂಲಕ ಜೋಡಿಸಿ. ಕರೆಂಟ್ ಕೊಟ್ಟರೆ ಎಳೆಯುತ್ತದೆ, ತಾನೇ ಕಟ್ ಆಗುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ, ಝುಂಯ್ ಅನ್ನುತ್ತಾ ಕಿಡಿ ಹೊಡೆಯುತ್ತದೆ. ಡಯೋಡ್ ಹಾಕಬೇಡಿ, ನಮಗೆ ಬೇಕಾದದ್ದೇ ಕಿಡಿ. ಆ ಕಾಯಿಲ್ ವೈರ್ ಅನ್ನು ಒಂದು ಮೀಟರ್ ಉದ್ದ ಮಾಡಿ ನಿಮ್ಮ ಸೆನ್ಸರ್ ಕೇಬಲ್ ಜೊತೆ ಇನ್ಸುಲೇಶನ್ ಟೇಪ್‌ನಲ್ಲಿ ಒತ್ತಾಗಿ ಸುತ್ತಿ. ಬೋರ್ಡ್ ಬಿದ್ದರೆ ಒಳ್ಳೆಯದು, ಈಗ ಟೇಬಲ್ ಮೇಲೇ ತೊಂದರೆ ಸಿಕ್ಕಿತು, ಹೊಲಕ್ಕೆ ಓಡಾಡಬೇಕಿಲ್ಲ. ಇದು ಕಿಲೋವೋಲ್ಟ್ ಲೆಕ್ಕ ಕೊಡುವುದಿಲ್ಲ, ಹಳೇ ಬೋರ್ಡಿಗೂ ಹೊಸ ಬೋರ್ಡಿಗೂ ಹೋಲಿಸಲು ಮಾತ್ರ. ಅಡುಗೆಮನೆಯ ಗ್ಯಾಸ್ ಲೈಟರ್‌ನಿಂದ ಡಬ್ಬಿ ಮೇಲೆ ಕಿಡಿ ಹೊಡೆಯುವವರೂ ಇದ್ದಾರೆ. ಅದು ಹಲವು ಕಿಲೋವೋಲ್ಟ್ ಕೊಡುತ್ತದೆ ನಿಜ, ಆದರೆ ಒಂದೊಂದು ಸಲ ಒಂದೊಂದು ಥರ, ಚಿಪ್ ಸತ್ತರೆ ಯಾಕೆ ಸತ್ತಿತು ಅಂತಲೂ ತಿಳಿಯುವುದಿಲ್ಲ. ನಾನು ಮಾಡುವುದಿಲ್ಲ. ಮೇನ್ಸ್ ಮೇಲೆ ಮನೆಯಲ್ಲೇ ಸರ್ಜ್ ಹೊಡೆಯುವ ಯೋಚನೆಯನ್ನಂತೂ ಬಿಟ್ಟುಬಿಡಿ, ಜೀವಕ್ಕೆ ಅಪಾಯ.

ಲ್ಯಾಬ್ ಆರಿಸುವಾಗ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅನ್ನುವ ಬೋರ್ಡ್ ನೋಡಿ ಸುಮ್ಮನಾಗಬೇಡಿ. ಮಾನ್ಯತೆಯ ಪಟ್ಟಿಯಲ್ಲಿ ನಿಮಗೆ ಬೇಕಾದ ಸ್ಟ್ಯಾಂಡರ್ಡ್ ನಂಬರೇ ಇದೆಯಾ ನೋಡಿ, ಕೆಲವರಿಗೆ ಸುರಕ್ಷತೆ ಟೆಸ್ಟ್‌ಗೆ ಮಾನ್ಯತೆ ಇರುತ್ತದೆ, ಇಎಂಸಿಗೆ ಇರುವುದಿಲ್ಲ. ಬೆಂಗಳೂರಿನಲ್ಲಿ ಖಾಸಗಿ ಲ್ಯಾಬ್‌ಗಳಿವೆ, ಸರ್ಕಾರಿ ಸಂಸ್ಥೆಯೇ ಬೇಕೆಂದರೆ ಚೆನ್ನೈನ ಸಮೀರ್ ಇದೆ. ಹೋಗುವಾಗ ಬೋರ್ಡ್ ಡಿಸೈನ್ ಗೊತ್ತಿರುವವರೇ ಹೋಗಬೇಕು, ಡ್ರೈವರ್ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸುವ ಕೆಲಸ ಅಲ್ಲ. ಎರಡು ಮೂರು ಬೋರ್ಡ್, ಅಸಲಿ ಕಾಂಟ್ಯಾಕ್ಟರ್, ಅಸಲಿ ಉದ್ದದ ಕೇಬಲ್, ಸೋಲ್ಡರಿಂಗ್ ಐರನ್, ಕೇಬಲ್‌ಗೆ ತೊಡಿಸಿ ನಾಯ್ಸ್ ತಗ್ಗಿಸುವ ನಾಲ್ಕಾರು ಫೆರೈಟ್, ತಾಮ್ರದ ಟೇಪ್, ಪ್ರೋಗ್ರಾಮ್ ಹಾಕುವ ಲ್ಯಾಪ್‌ಟಾಪ್ ಜೊತೆಗಿರಲಿ. ಕೋಣೆಯೊಳಗೆ ನೀವು ನಿಲ್ಲುವ ಹಾಗಿಲ್ಲ, ಕ್ಯಾಮೆರಾದಲ್ಲಿ ನೋಡಬೇಕು. ಹಾಗಾಗಿ ಬೋರ್ಡ್ ಜೀವಂತ ಇದೆ ಅಂತ ಮಿನುಗುವ ಒಂದು ಎಲ್‌ಇಡಿ, ರೀಸೆಟ್ ಆದರೆ ಹತ್ತಿಕೊಂಡು ಆರದೇ ಉಳಿಯುವ ಇನ್ನೊಂದು ಎಲ್‌ಇಡಿ, ಎರಡನ್ನೂ ಎದುರಿಗೇ ಕಾಣುವ ಹಾಗೆ ಇಟ್ಟುಕೊಂಡು ಹೋಗಿ.